ಸುಲಗಾಯಿ ಕಸಿದುಕೊಂಡ ಅಳಿಯ

ಹೋಟೆಲಿನ ಮಾಲೀಕರು ಮಧ್ಯಾಹ್ನ ಮನೆಯಿಂದ ಬುತ್ತಿ ತರಿಸಿಕೊಂಡು, ಗಿರಾಕಿಗಳಿಗೆ ಬೆನ್ನು ಮಾಡಿ ಕೂತು ಉಣ್ಣುವುದನ್ನು ನೀವು ನೋಡಿರಬಹುದು. ಮಿಠಾಯಿ ಅಂಗಡಿಯವರ ಮಕ್ಕಳಿಗೆ ಮಿಠಾಯಿ ಎಂದರೆ ವಾಕರಿಕೆ. ತಾನು ಮಾರುವ ಮಾಲಿನಿಂದ ತಾನು ಒಂದು ಮಾರು ದೂರ ಇರುವುದು ವ್ಯಾಪಾರಸ್ಥರ ಹಳೆಯ ಜಾಣತನ. ಆ ಜಾಣತನ ನನಗೆ ಇರಲಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ನಾನು ಮಾರುವುದು ಹುಳ ಕೊಲ್ಲುವ ಔಷಧಿ. ನನ್ನ ಮಾಲಿನ ಮೇಲೆ ನನಗೆ ಎಷ್ಟು ನಂಬಿಕೆಯಿತ್ತೆಂದರೆ, ಅಂಗಡಿಗೆ ಬಂದವರು "ಹೊಡದ ಮ್ಯಾಲ ಏನೂ ಆಗೂದಿಲ್ಲಲ್ರೀ?" ಎಂದು ಕೇಳುವ ಮೊದಲೇ ನಾನು "ಏನೂ ಆಗಲ್ರೀ, ಒಯ್ರಿ" ಎಂದುಬಿಡುತ್ತಿದ್ದೆ. ಅವರು ಕೇಳಬೇಕೆಂದಿದ್ದದ್ದು ಹುಳಕ್ಕೇನೂ ಆಗುವುದಿಲ್ಲವೇ ಎಂದೋ, ಮನುಷ್ಯರಿಗೇನೂ ಆಗುವುದಿಲ್ಲವೇ ಎಂದೋ ಎಂದು ವಿಚಾರಿಸುವಷ್ಟು ಪುರುಸೊತ್ತು ನನಗೆ ಯಾವತ್ತೂ ಇರಲಿಲ್ಲ.

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಕುಷ್ಟಗಿಯಲ್ಲಿ ಅಂಗಡಿ ತೆರೆದದ್ದು. ಜಿಲ್ಲೆ ಬಂತೆಂದು ಜನ ಪಟಾಕಿ ಹೊಡೆಯುವಾಗ, ಅದರಲ್ಲಿ ಒಂದಿಷ್ಟಾದರೂ ನನ್ನ ಅಂಗಡಿಯ ಸಲುವಾಗಿ ಇರಬಹುದೆಂದು ಬಾಗಿಲಲ್ಲಿ ಕೈಮುಗಿದು ನಿಂತಿದ್ದೆ. ಬೋರ್ಡಿನ ಮೇಲೆ ಬೀಜ, ಗೊಬ್ಬರ, ಔಷಧಿ ಎಂದು ಚೆಂದಗೆ ಬರೆಸಿದ್ದರೂ ಜನರ ಬಾಯಲ್ಲಿ ಅದು ಎಣ್ಣಿ ಅಂಗಡಿ. ನಮ್ಮ ಕಡೆ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಅಂಗಡಿಯ ವಾಸನೆ ನನ್ನ ಮೈಗೆ ಹತ್ತಿದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಮದುವೆ ಪಂಕ್ತಿಯಲ್ಲಿ ಬಡಿಸುವವರು ನನ್ನ ಎಲೆಗೆ ಮಾತ್ರ ದೂರದಿಂದ ಗುರಿಯಿಟ್ಟು ಹೋಳಿಗೆ ಎಸೆಯುತ್ತಾರೆ. ಮನೆಯಲ್ಲಂತೂ ಹಿತ್ತಲಲ್ಲಿ ಸ್ನಾನ ಮಾಡಿ ಬೇರೆ ಅಂಗಿ ತೊಟ್ಟ ಮೇಲೆಯೇ ನನಗೆ ಪ್ರವೇಶ. ಇದು ನನ್ನ ಹೆಂಡತಿ ಶರಣಮ್ಮನ ಕಾನೂನು. ಸೊಳ್ಳೆಗಳು ಮಾತ್ರ ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೆದರಿದ್ದಿಲ್ಲ.

ಶರಣಮ್ಮನ ತವರು ಹನುಮಸಾಗರದ ಹತ್ತಿರದ ಒಂದು ಹಳ್ಳಿ. ಅವಳ ಅಪ್ಪ ಇದ್ದೊಬ್ಬ ಮಗಳಿಗೆ ಮೂರೂವರೆ ಎಕರೆ ಎರೆ ಹೊಲ ಬಿಟ್ಟುಹೋಗಿದ್ದರು. ಅದನ್ನು ಪಾಲಿಗೆ ಮಾಡುವವನು ಮಾಬುಸಾಬ. ನನ್ನ ಮಾವನ ಕೈಕೆಳಗೆ ಬೇಸಾಯ ಕಲಿತವನು, ಶರಣಮ್ಮನನ್ನು ಎತ್ತಿ ಆಡಿಸಿದವನು. ಅವಳು ಅವನಿಗೆ ಮಾಬಣ್ಣ ಎನ್ನುತ್ತಾಳೆ, ಅವನು ಅವಳಿಗೆ ತಂಗಿ ಎನ್ನುತ್ತಾನೆ. ನಾನು ಆ ಮನೆಯ ಅಳಿಯನಾದ್ದರಿಂದ ಊರಿಗೆ ಊರೇ ನನ್ನನ್ನು ಅಳಿಯಾರ ಎಂದು ಕರೆಯುತ್ತದೆ. ಈ ಪದವಿಗೆ ಮಾನ ಭಾಳ, ಮಾತು ನಡೆಯುವುದು ಮಾತ್ರ ಕಡಿಮೆ. ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ, ಹೇಳಿದ್ದಕ್ಕೆಲ್ಲ "ಹೌದ್ರೀ ಅಳಿಯಾರ" ಎನ್ನುತ್ತಾರೆ, ಆಮೇಲೆ ತಮಗೆ ತಿಳಿದಂತೆ ಮಾಡುತ್ತಾರೆ.

ಆ ಹೊಲವೋ, ನನ್ನ ಕಣ್ಣಿಗೆ ಹೊಲವೇ ಅಲ್ಲ, ಕುಷ್ಟಗಿಯ ಸಂತೆ. ಒಂದು ಕಡೆ ಬಿಳಿಜೋಳ, ಒಂದು ಕಡೆ ಕಡಲೆ. ಕಡಲೆಯ ನಡುನಡುವೆ ಕುಸುಬಿಯ ಅಕ್ಕಡಿ ಸಾಲು, ಅಲ್ಲೊಂದಿಷ್ಟು ಅಗಸಿ, ಬದುವಿನ ಗುಂಟ ಕೊತ್ತಂಬರಿ. ಬದುವಿನ ಬನ್ನಿ ಗಿಡದ ತುಂಬ ಗೊರವಂಕ, ಕಾಜಾಣಗಳ ಗದ್ದಲ. ಬೆಳಗಿನ ಹೊತ್ತು ಚಿಗರಿ ಎಂಬ ಜಿಂಕೆಗಳ ಹಿಂಡು ಬಂದು ನಾಲ್ಕು ಬಾಯಿ ಮೇಯ್ದು ಹೋಗುವುದೂ ಉಂಟು. ಮಾಬುಸಾಬ ಅವುಗಳನ್ನು ಓಡಿಸುವ ರೀತಿ ನೋಡಬೇಕು. "ಸಾಕ್ರವಾ, ಇನ್ನ ಮುಂದಿನವ್ರ ಹೊಲಕ್ಕ ಹೋಗ್ರಿ" ಎಂದು ನೆಂಟರನ್ನು ಬಸ್ಸಿಗೆ ಹತ್ತಿಸುವ ಹಾಗೆ ಟವೆಲ್ಲು ಬೀಸುತ್ತಾನೆ. ಒಂದೇ ಬೆಳೆ ಹಾಕಿ, ನಾಲ್ಕು ಸಲ ಎಣ್ಣಿ ಹೊಡೆದರೆ ಬೆಳೆ ಹೇಗೆ ಬರುತ್ತದೆ ನೋಡು ಎಂದು ನಾನು ಶರಣಮ್ಮನಿಗೆ ಎಷ್ಟೋ ಸಲ ಉಪದೇಶ ಮಾಡಿದ್ದೆ. "ನಿಮ್ಮ ಅಂಗಡಿ ಸಾಮಾನು ನಿಮ್ಮ ಅಂಗಡ್ಯಾಗ ಇರ್ಲಿ. ನಮ್ಮ ಅಪ್ಪನ ಹೊಲದಾಗ ಕಾಲಿಡಬಾರ್ದು" ಎಂಬುದು ಅವಳ ಒಂದೇ ಉತ್ತರ.

ಆ ವರ್ಷ ಚಳಿಗಾಲದಲ್ಲಿ ಕಡಲೆಗೆ ಹುಳ ಜಾಸ್ತಿ ಬಿದ್ದಿತ್ತು. ನನ್ನ ಅಂಗಡಿಗೆ ಹೊಸ ಔಷಧಿಯ ಬಾಟಲಿಗಳು ಬಂದಿದ್ದವು. ಆದರೆ ಶರಣಮ್ಮನ ಊರಿನವರು ಮಾತ್ರ ಒಬ್ಬರೂ ಒಯ್ಯಲೊಲ್ಲರು. "ಮೊದಲ ನಿಮ್ಮ ಮಾವನ ಹೊಲಕ್ಕ ಹೊಡೀರಿ ಅಳಿಯಾರ, ಆಮ್ಯಾಲ ನಮಗ ಹೇಳ್ರಿ" ಎಂದು ಅಂಗಡಿಯಲ್ಲೇ ನಗುತ್ತಿದ್ದರು. ಅಳಿಯನ ಅಭಿಮಾನಕ್ಕೆ ಚುಚ್ಚಿದರೆ ಅದು ಸುಮ್ಮನೆ ಕೂರುವ ಜಾತಿಯದಲ್ಲ. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ, ಶರಣಮ್ಮ ಸಜ್ಜೆ ರೊಟ್ಟಿ ಬಡಿಯುವುದರಲ್ಲಿ ಮುಳುಗಿದ್ದಾಗ, ಹನುಮಸಾಗರದಲ್ಲಿ ಯಾರಿಗೋ ಬೀಜದ ಚೀಲ ಮುಟ್ಟಿಸಬೇಕೆಂದು ಸುಳ್ಳು ಹೇಳಿ ಹೊರಟೆ. ಮಾಬುಸಾಬ ಊರಲ್ಲಿರಲಿಲ್ಲ. ಚೊಚ್ಚಲ ಬಸುರಿಯಾಗಿದ್ದ ಮಗಳು ರಜಿಯಾಳನ್ನು ಹೆರಿಗೆಗೆ ಕರೆತರಲು ಯಲಬುರ್ಗಾಕ್ಕೆ ಹೋಗಿದ್ದ. ಮೈದಾನ ಖಾಲಿ.

ನನ್ನ ಲೆಕ್ಕಾಚಾರ ಏನಿತ್ತೆಂದು ಈಗ ಹೇಳಿದರೆ ನೀವು ನಗುತ್ತೀರಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬೀಗರು, ನೆಂಟರು, ಊರವರು ಎಲ್ಲ ಬರುತ್ತಾರೆ. ಹಬ್ಬದ ಹಿಂದಿನ ದಿನ ಮನೆ ಸಾರಿಸಿ, ಜೇಡ ಗುಡಿಸಿ ಚೊಕ್ಕಟ ಮಾಡುವುದಿಲ್ಲವೇ? ಹಾಗೆಯೇ ಹೊಲವನ್ನೂ ಒಂದು ಹುಳವಿಲ್ಲದಂತೆ ಚೊಕ್ಕಟ ಮಾಡಿಟ್ಟರೆ, ಉಂಡು ಕೈತೊಳೆದ ಮೇಲೆ ಎಲ್ಲರೆದುರು "ಇದು ನಮ್ಮ ಎಣ್ಣಿ ಮಾಡಿದ ಕೆಲಸ" ಎಂದು ತೋರಿಸಬಹುದು. ಪಂಪನ್ನು ಬೆನ್ನಿಗೆ ಹಾಕಿಕೊಂಡು ಇಳಿದೆ. ಹತ್ತಾರು ವರ್ಷ ಪಂಪು ಮಾರಿದವನು ಅದನ್ನು ಹೊತ್ತದ್ದು ಅದೇ ಮೊದಲು. ಗಾಳಿ ಬೆನ್ನ ಕಡೆಯಿಂದ ಬರಬೇಕೆಂದು ಊರಿಗೆಲ್ಲ ಹೇಳಿದವನು ಗಾಳಿಗೆ ಎದುರಾಗಿಯೇ ನಡೆದೆ. ಕಡಲೆಗೆ ಬಿದ್ದಷ್ಟೇ ನನ್ನ ಮೀಸೆಗೂ ಬಿತ್ತು. ತಲೆ ಧಿಮ್ಮೆನ್ನುತ್ತಿದ್ದರೂ ಒಂದು ಸಾಲು ಬಿಡದೆ ಮುಗಿಸಿ, ಬಾವಿಯ ನೀರು ಸೇದಿ ಮಿಂದು, ಸಾಧು ಮನುಷ್ಯನಂತೆ ಮನೆಗೆ ಬಂದೆ.

ಎಳ್ಳ ಅಮಾವಾಸ್ಯೆಯ ಚರಗದ ವಿಷಯ ಬೇರೆ ಕಡೆಯವರಿಗೆ ಒಂದಿಷ್ಟು ಹೇಳಬೇಕು. ಅವತ್ತು ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ, ಅಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ತುಂಬುಗಾಯಿ ಬದನೆ, ಪುಂಡಿಪಲ್ಲೆ, ಬುಟ್ಟಿ ತುಂಬಿ ಹೊಲಕ್ಕೆ ಒಯ್ಯುತ್ತೇವೆ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಹೊಲದ ತುಂಬ ಚೆಲ್ಲುತ್ತಾ ಹೋಗುತ್ತೇವೆ, ಅದೇ ಚರಗ. ಮುಂದೆ ಹೋಗುವವರು "ಹುಲ್ಲುಲಿಗ್ಯೋ" ಎಂದು ಕೂಗುತ್ತಾರೆ, ಹಿಂದೆ ನೀರು ಚಿಮುಕಿಸುತ್ತಾ ಬರುವವರು ಓಗೊಡುತ್ತಾರೆ. ಭೂಮಿತಾಯಿಗೆ, ಹಕ್ಕಿಪಕ್ಕಿಗೆ, ಹುಳುಹುಪ್ಪಡಿಗೆ, ಎಲ್ಲಕ್ಕೂ ಅವತ್ತು ನಮ್ಮ ಮನೆಯ ಊಟ. ಅವು ಉಂಡ ಮೇಲೆ ನಾವು. ಮಾಬುಸಾಬನ ಮನೆಯವರೂ ಅವರ ಬುಟ್ಟಿ ಹೊತ್ತು ಬರುತ್ತಾರೆ, ಹುಲ್ಲುಲಿಗ್ಯೋ ಎನ್ನುವುದರಲ್ಲಿ ಅವನಷ್ಟು ಗಟ್ಟಿ ದನಿ ಆ ಸೀಮೆಯಲ್ಲಿ ಇನ್ನೊಬ್ಬರದಿಲ್ಲ.

ಇನ್ನೊಂದು ಪದ್ಧತಿಯಿದೆ, ನಾನು ಮರೆತದ್ದು ಅದನ್ನೇ. ಕಡಲೆ ಕಾಯಿ ಹಸಿರಿರುವಾಗ ಅದು ಸುಲಗಾಯಿ. ದಾರಿಯಲ್ಲಿ ಹೋಗುವವರು ಯಾರ ಹೊಲವಾದರೂ ಸರಿ, ಇಳಿದು ನಾಲ್ಕು ಗಿಡ ಕಿತ್ತು ತಿನ್ನುತ್ತಾ ಹೋಗಬಹುದು. ಕೇಳುವ ಹಾಗಿಲ್ಲ. ಕೇಳಿದರೆ ಹೊಲದವರಿಗೆ ಅವಮಾನ. ಬೇಡವೆಂದವನು ಏಳೂರಿಗೆ ಜಿಪುಣ.

ಅಮಾವಾಸ್ಯೆಯ ದಿನ ಎಲ್ಲರೂ ಬನ್ನಿ ಗಿಡದ ಕೆಳಗೆ ಕೂತಿದ್ದೆವು. ಹೆಂಗಸರು ಬುಟ್ಟಿ ಬಿಚ್ಚುತ್ತಿದ್ದರು. ನಾನು ನನ್ನ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಆಗ ರಜಿಯಾ ಎದ್ದು, ಭಾರವಾದ ಮೈ ಎತ್ತಿಕೊಂಡು ನಿಧಾನಕ್ಕೆ ಕಡಲೆ ಸಾಲಿಗೆ ಇಳಿದಳು. "ಮೂರು ತಿಂಗಳಾತು, ಅತ್ತಿ, ಇದನ್ನ ನೆನಸಕೋಂತನ ಮಲಗ್ತೀನಿ" ಎಂದು ಶರಣಮ್ಮನಿಗೆ ಹೇಳಿ, ಒಂದು ಗಿಡ ಕಿತ್ತು, ಸೆರಗಿಗೆ ಕಾಯಿ ಉದುರಿಸಿಕೊಳ್ಳತೊಡಗಿದಳು. ನಾನು ಎದ್ದದ್ದು ಗೊತ್ತು, ಆಮೇಲಿನದು ಗೊತ್ತಿಲ್ಲ. ಕುಸುಬಿಯ ಸಾಲನ್ನು ಬಳಸಿ ಹೋಗಬೇಕೆಂಬ ಬುದ್ಧಿಯೂ ಇಲ್ಲದೆ ಅದರ ಮುಳ್ಳಿನೊಳಗೇ ನುಗ್ಗಿ, ಒಮ್ಮೆ ಬಿದ್ದು, ಧೋತರದ ಚುಂಗನ್ನು ಮುಳ್ಳಿಗೇ ಬಿಟ್ಟು, ಓಡಿಹೋಗಿ ಆ ಹುಡುಗಿಯ ಕೈಯಲ್ಲಿದ್ದ ಗಿಡವನ್ನು ಕಸಿದುಕೊಂಡೆ. ಸೆರಗನ್ನು ಹಿಡಿದು ಕೊಡವಿದೆ. ಕಾಯಿಯೆಲ್ಲ ಮಣ್ಣುಪಾಲಾಯಿತು.

ಬಸುರಿಯ ಕೈಯಿಂದ ತಿನ್ನುವುದನ್ನು ಕಸಿದುಕೊಳ್ಳುವುದೆಂದರೆ! ನಮ್ಮ ಸೀಮೆಯಲ್ಲಿ ಕಳ್ಳನೂ ಮಾಡದ ಕೆಲಸ. ಗಿಡದ ಕೆಳಗಿದ್ದವರೆಲ್ಲ ಎದ್ದು ನಿಂತರು. ಯಾರೋ ಮುದುಕಿ "ಅಯ್ಯ ಶಿವನ, ನಾಕು ಕಡ್ಲಿಗೆ ಹಿಂಗ ಮಾಡೂದಾ!" ಎಂದಳು. ರಜಿಯಾಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಏದುಸಿರು ಬಿಡುತ್ತಾ "ಎಷ್ಟು ತಿಂದಿ? ಹೇಳವ್ವ, ಎಷ್ಟು ತಿಂದಿ?" ಎಂದೆ.

"ಇನ್ನೂ ಬಾಯಾಗ ಇಟ್ಟಿಲ್ಲ, ಮಾಮಾರ" ಎಂದಳು.

ಇಷ್ಟು ವರ್ಷದ ಬದುಕಿನಲ್ಲಿ ನನಗೆ ಬೇಕಾದವರು ನೂರೆಂಟು ಒಳ್ಳೆಯ ಮಾತು ಆಡಿದ್ದಾರೆ. ಆ ಒಂದು ಮಾತಿನಷ್ಟು ಋಣ ನನ್ನ ಮೇಲೆ ಬೇರೆ ಯಾವುದರದೂ ಇಲ್ಲ. ಅಲ್ಲೇ ಸಾಲಿನಲ್ಲಿ ಕುಸಿದು ಕೂತೆ. ಈಗ ನನ್ನ ಮುಂದೆ ಎರಡೇ ದಾರಿ. ಜಿಪುಣನೆನ್ನಿಸಿಕೊಂಡು ಸುಮ್ಮನಿರುವುದು, ಇಲ್ಲವೇ ನಿಜ ಹೇಳುವುದು. ನಿಜ ಹೇಳಿದರೆ, ಏನೂ ಆಗುವುದಿಲ್ಲ ಒಯ್ಯಿರಿ ಎಂದು ಇಷ್ಟು ವರ್ಷ ಹೇಳಿದ ಬಾಯಿಂದಲೇ ಅದು ವಿಷ ಎಂದು ಹೇಳಿದಂತಾಗುತ್ತದೆ. ಅಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ನನ್ನ ಗಿರಾಕಿಗಳಾಗಬೇಕಾದವರು. ಆದರೆ ಸಣ್ಣ ಮಕ್ಕಳೂ ಸಾಲಿಗೆ ಇಳಿಯಲು ಅಣಿಯಾಗುತ್ತಿದ್ದರು. "ಯಾರೂ ಕಾಯಿ ಮುಟ್ಟಬ್ಯಾಡ್ರೋ! ನಿನ್ನೆ ಎಣ್ಣಿ ಹೊಡದೀನಿ!" ಎಂದು ಹುಲ್ಲುಲಿಗ್ಯೋ ಕೂಗುವವರಿಗಿಂತ ಜೋರಾಗಿ ಕೂಗಿದೆ.

ಶರಣಮ್ಮ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮೊದಲು ರಜಿಯಾಳ ಕೈಯನ್ನು ಬಾವಿಯ ನೀರಿನಲ್ಲಿ ಮೂರು ಸಲ ಸಾಬೂನು ಹಚ್ಚಿ ತೊಳೆಸಿದಳು. ಸೆರಗನ್ನು ಒಗೆಸಿದಳು. ಆಮೇಲೆ ಚರಗದ ಬುಟ್ಟಿಯ ಮುಂದೆ ನಿಂತು, ಗಿಡದ ಮೇಲಿನ ಗೊರವಂಕಗಳನ್ನು ನೋಡುತ್ತಾ, ಬಹಳ ಮೆಲ್ಲಗೆ ಕೇಳಿದಳು: "ಊಟಕ್ಕ ಕರದು ವಿಷ ಇಕ್ಕತಾರೇನ್ರೀ ಯಾರಾರ? ಈ ನೆಲದ ಮ್ಯಾಲ ನಾ ಹೆಂಗ ಚರಗ ಚೆಲ್ಲಲಿ?"

ಮಾಬುಸಾಬ ತನ್ನ ಮಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಅವನು ಎರಡು ಬಾರಿಸಿದ್ದರೂ ತಪ್ಪಿರಲಿಲ್ಲ. "ಹುಳಕ್ಕ ಹೊಡದ್ರಿ ಅಳಿಯಾರ. ಆ ಹುಳಾ ತಿನ್ನೋರು ಯಾರದಾರ ಅಂತ ಒಂದ್ ಮಾತು ನನ್ನ ಕೇಳಬೇಕಿತ್ತು" ಎಂದ. ಆಮೇಲೆ ತನ್ನ ಟವೆಲ್ಲಿನಿಂದಲೇ ನನ್ನ ಮೊಣಕಾಲು ಒರೆಸಿ, ಕುಸುಬಿ ಮುಳ್ಳು ಕೀಳಲು ಕೂತ. ಮುಳ್ಳಿಗಿಂತ ಅದು ಹೆಚ್ಚು ನೋಯಿತು.

ಚರಗವನ್ನು ಮನೆಗೆ ಮರಳಿ ಒಯ್ಯುವ ಹಾಗಿಲ್ಲ. ಬುಟ್ಟಿ ಹೊತ್ತು ಎಲ್ಲರೂ ಪಕ್ಕದವರ ಹೊಲಕ್ಕೆ ಹೋದೆವು. ನಮ್ಮ ಮಾವನ ಹೊಲದ ಊಟ ಆ ವರ್ಷ ಬೇರೆಯವರ ನೆಲಕ್ಕೆ ಬಿತ್ತು. ನಾನು ಹಿಂದೆ ನೀರು ಚಿಮುಕಿಸುತ್ತಾ ಬಂದೆ. ಓಗೊಡಲು ದನಿ ಬರಲಿಲ್ಲ.

ಊಟವಾದ ಮೇಲೆ ತೀರ್ಪು ಬಂತು. "ಮಾಡಿದ್ದುಣ್ಣೋ ಮಹಾರಾಯ ಅಂತಾರ. ಕೂಡ್ರಿ ಇಲ್ಲೇ. ಈ ವಿಷ ಇಳಿಯೂತನ ಮಂದಿ ಕಾಯಿ ತಿನ್ನದಂಗ, ಹಕ್ಕಿ ಹುಳಾ ತಿನ್ನದಂಗ ನೀವ ಕಾಯ್ರಿ" ಎಂದಳು ಶರಣಮ್ಮ. ಅಂಗಡಿಗೆ ಬೀಗ ಬಿತ್ತು. ಬೆಳಗಿನಿಂದ ಸಂಜೆಯವರೆಗೆ ಬದುವಿನ ಮೇಲೆ ನಾನು, ನನ್ನ ಕೈಯಲ್ಲೊಂದು ತಗಡಿನ ಡಬ್ಬಿ, ಒಂದು ಕೋಲು. ಜೋಳದ ತೆನೆಗೆ ಹಕ್ಕಿ ಕಾಯುವವರನ್ನು ಎಲ್ಲರೂ ನೋಡಿದ್ದಾರೆ. ಕಡಲೆಗೆ ಹಕ್ಕಿ ಕಾಯುವವನನ್ನು ಆ ಸೀಮೆ ಕಂಡದ್ದು ಅದೇ ಮೊದಲು. ದಾರಿಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸಿ, "ಏನ್ರೀ ಅಳಿಯಾರ, ಹಕ್ಕಿ ಕಡ್ಲಿ ತಿಂತಾವೇನು?" ಎಂದು ಕೇಳುವರು. "ಇಲ್ರೀ, ಹಕ್ಕಿ ಸಾಯ್ತಾವ ಅಂತ ಓಡಸಾಕ ಹತ್ತೀನಿ" ಎನ್ನುವೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಚ್ಚು ಚ್ಚು ಎನ್ನುತ್ತಾ ಪೆಡಲು ತುಳಿಯುವರು. ಎಣ್ಣಿ ಅಳಿಯನ ತಲೆಗೇ ಏರಿದೆ ಎಂದು ಊರಲ್ಲಿ ಸುದ್ದಿಯಾಯಿತು.

ಕೂತು ಕೂತು ಬೇಸರವಾದಾಗ ಬಾಟಲಿಯ ಜೊತೆ ಬಂದ ಚೀಟಿಯನ್ನು ಬಿಚ್ಚಿದೆ. ಮಡಿಕೆಯ ಮೇಲೆ ಮಡಿಕೆ, ಬಿಚ್ಚಿದರೆ ಟವೆಲ್ಲಿನಷ್ಟು ಅಗಲ, ಅಕ್ಷರ ಮಾತ್ರ ಇರುವೆಯ ಮರಿಯಷ್ಟು. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು, ಜೇನು ಹಾರುವ ಹೊತ್ತಿನಲ್ಲಿ ಹೊಡೆಯಬಾರದು, ಹಕ್ಕಿಗೆ, ಮೀನಿಗೆ ಅಪಾಯ ಎಂದು ಎಲ್ಲವೂ ಅದರಲ್ಲಿತ್ತು. ಇಂಥ ಚೀಟಿಗಳಲ್ಲಿ ಎಷ್ಟೋ ವರ್ಷ ನಾನು ಅಂಗಡಿಯಲ್ಲಿ ಶೇಂಗಾ ಕಟ್ಟಿಸಿಕೊಂಡು ತಿಂದಿದ್ದೆ. ಓದಿದ್ದು ಅವತ್ತು, ಕನ್ನಡಕ ಒರೆಸಿಕೊಂಡು, ಬದುವಿನ ಮೇಲೆ.

ಆ ದಿನಗಳಲ್ಲಿ ಹಕ್ಕಿಗಳನ್ನು ಓಡಿಸುತ್ತಾ ಓಡಿಸುತ್ತಾ ಅವುಗಳ ಕೆಲಸವನ್ನೂ ನೋಡಿದೆ. ಪಕ್ಕದ ಹೊಲದಲ್ಲಿ ನಾವು ಚೆಲ್ಲಿದ ಚರಗ ತಿನ್ನಲು ಇಳಿದ ಗೊರವಂಕಗಳು ರೊಟ್ಟಿಯ ಚೂರು ಮುಗಿಸಿ, ಹಾಗೇ ಕಡಲೆ ಸಾಲಿಗೆ ನುಗ್ಗಿ ಒಂದೊಂದೇ ಹುಳವನ್ನು ಎಳೆದು ಹಾಕುತ್ತಿದ್ದವು. ಬಾಡಿಗೆ ಕೇಳಲಿಲ್ಲ, ಪಂಪು ಕೇಳಲಿಲ್ಲ, ಚೀಟಿ ಓದಲಿಲ್ಲ. ನಮ್ಮ ಹೊಲದಲ್ಲೋ, ಹತ್ತು ದಿನ ಕಳೆಯುವಷ್ಟರಲ್ಲಿ ಹುಳ ಮರಳಿ ಬಂತು. ಹಕ್ಕಿ ಮಾತ್ರ ಬರಲಿಲ್ಲ, ನನ್ನ ಡಬ್ಬಿಯ ಸದ್ದಿಗೆ ಅಷ್ಟು ಹೆದರಿದ್ದವು. ಹಾಗೆಂದು ಪಕ್ಕದವರ ಹೊಲದಲ್ಲಿ ಹುಳವೇ ಇರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಇತ್ತು, ತಿಂದಿತು. ಆದರೆ ಮನುಷ್ಯರಿಗೂ ಬಿಟ್ಟಿತು.

ಅಲ್ಲಿಂದ ರಜಿಯಾಳ ಹೆರಿಗೆಯವರೆಗೆ ನನಗೆ ಊಟ ಸೇರಲಿಲ್ಲ. ಬಾಯಲ್ಲಿ ಇಟ್ಟಿಲ್ಲವೆಂದರೂ, ಕೈಗೆ ಹತ್ತಿದ್ದು ಏನಾಯಿತೋ ಎಂಬ ಹೆದರಿಕೆ. ನೆವ ಹುಡುಕಿ ಮಾಬುಸಾಬನ ಮನೆಗೆ ಹೋಗುತ್ತಿದ್ದೆ. ನಾನು ನಾಲ್ಕನೆಯ ಸಲ ಹೋದಾಗ ಅವನು, "ಅಳಿಯಾರ, ಹುಡುಗಿ ಛಲೋ ಅದಾಳ. ನೀವ ಸೊರಗೀರಿ" ಎಂದು ನನಗೇ ಹಾಲು ಕುಡಿಸಿ ಕಳಿಸಿದ. ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿಮುಟ್ಟು ಎಂದು ಸುದ್ದಿ ಬಂದ ದಿನ ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಪೇಡೆ ಹಂಚಿದೆ. ನನ್ನ ಕೈಯ ವಾಸನೆಗೆ ಹೆದರಿ ಅರ್ಧ ಜನ ತಿನ್ನಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ನನ್ನ ವ್ಯಾಪಾರದ ರೀತಿಯೇ ಬದಲಾಗಿತ್ತು. ಬಾಟಲಿ ಕೇಳಿದವರಿಗೆ, "ಹೊಲದಾಗ ಸುಲಗಾಯಿ ತಿನ್ನೋರು ಯಾರ್ ಯಾರದಾರ?" ಎಂದು ಮೊದಲು ಕೇಳುವೆ, ಚೀಟಿ ಬಿಚ್ಚಿ ಓದಿ ಹೇಳುವೆ. ತಮ್ಮ ಮನೆಯ ಬಸುರಿ ಸೊಸೆಯನ್ನು ನೆನೆದು ಬಾಟಲಿ ಇಟ್ಟುಹೋದವರಿದ್ದಾರೆ, ಪಕ್ಕದ ಅಂಗಡಿಗೆ ಹೋದವರೂ ಇದ್ದಾರೆ. ಗಲ್ಲಾಪೆಟ್ಟಿಗೆ ಹಗುರವಾಯಿತು, ಅಕ್ಕಡಿ ಬೀಜದ ಚೀಲಗಳು ಮುಂದಿನ ಸಾಲಿಗೆ ಬಂದವು. ಶರಣಮ್ಮ ಇದನ್ನೆಲ್ಲ ಕಂಡಳು. ಹಿತ್ತಲ ಸ್ನಾನ ಮಾತ್ರ ಮಾಫ್ ಆಗಲಿಲ್ಲ. ಹೊಲದಲ್ಲಿ ನಾನೇ ಕೈಯಾರೆ ಕವಲುಕಡ್ಡಿಗಳನ್ನು ನೆಟ್ಟು ಹಕ್ಕಿಗಳಿಗೆ ಕೂರಲು ಜಾಗ ಮಾಡಿದೆ. ಚುರುಮುರಿ ಚೆಲ್ಲಿದೆ. ಮೊದಲ ಕಾಜಾಣ ಬಂದು ಕಡ್ಡಿಯ ಮೇಲೆ ಕೂತಾಗ, ಮುನಿಸಿಕೊಂಡು ಹೋಗಿದ್ದ ಬೀಗರು ಮರಳಿ ಬಂದಷ್ಟು ಹಿಗ್ಗಿ, ಕೆಮ್ಮು ಬಂದರೂ ತಡೆದುಕೊಂಡು ನಿಂತಿದ್ದೆ.

ಎಳ್ಳ ಅಮಾವಾಸ್ಯೆ ಬಂತು. ಬನ್ನಿ ಗಿಡದ ಕೆಳಗೆ ಅದೇ ಜನ, ಅದೇ ಬುಟ್ಟಿ. ಶರಣಮ್ಮ ಈ ಸಲ ಅಪ್ಪನ ಹೊಲದಲ್ಲೇ ಚರಗ ಚೆಲ್ಲಿದಳು, ನಾನು ದನಿ ಬಿದ್ದುಹೋಗುವಷ್ಟು ಓಗೊಟ್ಟೆ. ಆಮೇಲೆ ರಜಿಯಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲಿಗಿಳಿದು ಒಂದು ಗಿಡ ಕಿತ್ತಳು. ಕಿತ್ತವಳು ತಿನ್ನಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನೇರ ನನ್ನ ಹತ್ತಿರ ಬಂದು, ಗಿಡವನ್ನು ಮುಂದೆ ಚಾಚಿ, "ಮೊದಲ ನೀವ ತಿನ್ರಿ, ಮಾಮಾರ" ಎಂದಳು. ಹುಡುಗಿಯ ಮುಖದಲ್ಲಿ ನಗು ಇತ್ತು, ಆದರೆ ಕೈ ಹಿಂದಕ್ಕೆ ಹೋಗಲಿಲ್ಲ. ನಾನು ಒಂದು ಕಾಯಿ ಬಿಡಿಸಿದೆ. ಒಳಗೆ ಕಾಳಿನ ಪಕ್ಕದಲ್ಲಿ ಹಸಿರು ಹುಳವೊಂದು ಮೈ ಮುರಿದು, ತಲೆ ಎತ್ತಿತು. ಹುಳ ಸಾಯಿಸಿಯೇ ಅನ್ನ ತಿಂದ ನಾನು, ಆ ಹುಳವನ್ನು ಅಂಗೈ ಮೇಲಿಟ್ಟುಕೊಂಡು, "ಹುಳ ಐತ್ರೋ! ಜೀವಂತ ಐತಿ!" ಎಂದು ಕುಣಿದಾಡಿಬಿಟ್ಟೆ. ಮಾಬುಸಾಬ ಬಗ್ಗಿ ನೋಡಿ "ಹೌದೌದು, ಅಳ್ಳಾಡತೈತಿ" ಎಂದು ಸಾಕ್ಷಿ ಹೇಳಿದ. ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರ ಎಲ್ಲಾರೂ ತಿನ್ರಿ" ಎಂದಳು.

ಅಂದಿನಿಂದ ಇದೇ ಪದ್ಧತಿಯಾಗಿಬಿಟ್ಟಿದೆ. ಪ್ರತಿ ಅಮಾವಾಸ್ಯೆಗೂ ಮೊದಲ ಸುಲಗಾಯಿ ನನ್ನ ಕೈಗೆ ಬರುತ್ತದೆ. ಹೊಸಬರು ಅದನ್ನು ಅಳಿಯನಿಗೆ ಕೊಡುವ ಮರ್ಯಾದೆ ಎಂದುಕೊಳ್ಳುತ್ತಾರೆ, ನಾನೂ ಹೌದೆನ್ನುತ್ತೇನೆ. ಆದರೆ ಜೀವಂತ ಹುಳ ಸಿಗುವವರೆಗೆ ಬೇರೆ ಯಾರೂ ಕಾಯಿ ಮುಟ್ಟುವುದಿಲ್ಲ. ನಾನು ಬಿಡಿಸುತ್ತಾ ತಿನ್ನುತ್ತಾ ಹೋಗಬೇಕು, ಅವರು ಸುತ್ತ ನಿಂತು ಕಾಯಬೇಕು. ಆ ಹಕ್ಕಿಗಳಿಗೆ ನಾನು ಏಳು ಜನ್ಮ ಋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವು ವರ್ಷ ಅವು ತಮ್ಮ ಕೆಲಸವನ್ನು ಎಷ್ಟು ಚೊಕ್ಕಟವಾಗಿ ಮಾಡಿರುತ್ತವೆಂದರೆ, ಒಂದು ಹುಳ ಸಿಗುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿ, ಶೇಂಗಾ ಹೋಳಿಗೆಗೆ ಜಾಗವೇ ಉಳಿದಿರುವುದಿಲ್ಲ.